ಮಾಂಬಲದ ಸುಪ್ರೀಂ ಕೋರ್ಟು

ಅಮೆರಿಕದ ಅಧ್ಯಕ್ಷರ ಮೇಲೆ ನಮ್ಮ ಚಿಕ್ಕಪ್ಪನಿಗೆ ಇದ್ದದ್ದು ಒಂದೇ ಒಂದು ದೂರು: ತಮ್ಮನ್ನು ಒಂದು ಮಾತೂ ಕೇಳದೆ ಆ ಮನುಷ್ಯ ರಾಜ್ಯಭಾರ ಮಾಡುತ್ತಾನೆ ಎಂಬುದು! ಚಿಕ್ಕಪ್ಪ ಮದರಾಸಿನ ಒಂದು ಕಂಪನಿಯಲ್ಲಿ ಗುಮಾಸ್ತರು. ಪಶ್ಚಿಮಕ್ಕೆ ಅರಕ್ಕೋಣಂ, ದಕ್ಷಿಣಕ್ಕೆ ತಾಂಬರಂ: ಅವರು ಕಂಡ ಪ್ರಪಂಚ ಅಷ್ಟೇ. ಆದರೆ ವಾಷಿಂಗ್ಟನ್ನಿನಲ್ಲಿ ಯಾವ ಮಸೂದೆ ಯಾವ ಸಮಿತಿಯಲ್ಲಿ ಕೊಳೆಯುತ್ತಿದೆ ಎಂದು ಕೇಳಿ ನೋಡಿ, ನಿದ್ದೆಯಲ್ಲೂ ಹೇಳುತ್ತಿದ್ದರು. ನಮ್ಮದೇ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಎಂದರೆ ಮಾತ್ರ ಬೆಬ್ಬೆಬ್ಬೆ!

ಇದಕ್ಕೆಲ್ಲ ಕಾರಣ ಮೌಂಟ್ ರೋಡಿನಲ್ಲಿದ್ದ ಅಮೆರಿಕದವರ ಲೈಬ್ರರಿ. ಅರವತ್ತರ ದಶಕದ ಮೊದಲ ವರ್ಷಗಳು. ಮೇ ತಿಂಗಳ ಬಿಸಿಲು, ಒಳಗೆ ತಣ್ಣಗಿನ ಎ.ಸಿ., ಮೆತ್ತನೆ ಕುರ್ಚಿ, ಪುಕ್ಕಟೆ ಪುಸ್ತಕ. ಇಂಥ ಕಡೆ ಪ್ರಜಾಪ್ರಭುತ್ವ ಯಾರಿಗೆ ತಾನೇ ಹಿಡಿಸುವುದಿಲ್ಲ?

ಮಾಂಬಲದ ನಮ್ಮ ಮನೆಯಲ್ಲಿ ಆಗ ತಾತನದೇ ರಾಜ್ಯ. ಫ್ಯಾನು ಯಾವಾಗ ತಿರುಗಬೇಕು, ಹುಳಿಗೆ ಯಾವ ತರಕಾರಿ ಬೀಳಬೇಕು, ಎಲ್ಲಕ್ಕೂ ಅವರ ಅಪ್ಪಣೆ ಬೇಕು. ಒಂದು ಭಾನುವಾರ ಊಟವಾದ ಮೇಲೆ ಚಿಕ್ಕಪ್ಪ ಹಾಲಿನ ಮಧ್ಯೆ ಎದ್ದು ನಿಂತರು.

“ಅಪ್ಪಾ, ಅಧಿಕಾರವೆಲ್ಲ ಒಬ್ಬರ ಕೈಲಿ ಇದ್ರೆ ಅದು ಸರ್ವಾಧಿಕಾರ. ಮೂರು ಪಾಲು ಮಾಡಬೇಕು. ಕಾನೂನು ಮಾಡೋರು ಬೇರೆ, ಜಾರಿ ಮಾಡೋರು ಬೇರೆ, ಅದು ಶರಿಯೋ ತಪ್ಪೋ ಹೇಳೋರು ಬೇರೆ.”

ತಾತ ಈಜಿಚೇರಿನಿಂದ ಒಂದು ಕಣ್ಣು ತೆರೆದರು. “ಅಧ್ಯಕ್ಷ ಯಾರೋ?”

“ನೀವೇ.”

“ಹಾಗಾದ್ರೆ ಏನಾದ್ರೂ ಮಾಡ್ಕೋ” ಎಂದು ಕಣ್ಣು ಮುಚ್ಚಿದರು.

ಹೀಗೆ ನಮ್ಮ ಮನೆಗೆ ಸಂವಿಧಾನ ಬಂತು. ಶಾಸನಸಭೆಗೆ ಅಜ್ಜಿ, ನಮ್ಮ ಅಪ್ಪ, ಅಮ್ಮ, ಚಿಕ್ಕಮ್ಮ. ಅಮೆರಿಕದಲ್ಲಿ ಎರಡು ಸಭೆ ಇವೆಯಂತೆ. ನಮ್ಮ ಮನೆಯಲ್ಲಿದ್ದದ್ದು ಒಂದೇ ಹಾಲು, ಆದ್ದರಿಂದ ಒಂದೇ ಸಭೆ! ನನ್ನ ತಮ್ಮ ತಮಿಳಿನಲ್ಲಿ “ಎನಕ್ಕು ವೋಟ್ ಇಲ್ಲಿಯಾ, ಚಿಕ್ಕಪ್ಪಾ?” ಎಂದು ತನಗೂ ವೋಟು ಬೇಕೆಂದು ಗೋಗರೆದ. ಇಪ್ಪತ್ತೊಂದು ತುಂಬದವರಿಗೆ ಇಲ್ಲ ಎಂಬ ಉತ್ತರ ಬಂತು. ಇನ್ನು ಸುಪ್ರೀಂ ಕೋರ್ಟು? ಅದಕ್ಕೆ ಚಿಕ್ಕಪ್ಪ ತಮ್ಮನ್ನೇ ನೇಮಿಸಿಕೊಂಡರು. ಅದೂ ಎಷ್ಟು ಕಾಲಕ್ಕೆ? ಬದುಕಿರುವ ತನಕ!

ಚಿಕ್ಕಮ್ಮ ತಂದ ಮೊದಲ ಮಸೂದೆಯೇ ಬಾಂಬು. ಈ ಮನೆಯಲ್ಲಿ ಯಾರಿಗೂ ದಿನಕ್ಕೆ ಮೂರನೆಯ ಕಾಫಿ ಇಲ್ಲ! ಸರ್ವಾನುಮತದಿಂದ ಪಾಸಾಯಿತು. ಮೂರನೆಯ ಕಾಫಿ ಕುಡಿಯುತ್ತಿದ್ದವರು ಮನೆಯಲ್ಲಿ ಒಬ್ಬರೇ ಎಂದು ಬೇರೆ ಹೇಳಬೇಕೆ? ಕೋರ್ಟು ತಕ್ಷಣ ಕೂತಿತು. ಕಾಫಿ ಮೂಲಭೂತ ಹಕ್ಕು, ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

“ದೂರು ಕೊಟ್ಟೋರೂ ನೀವೇ, ಜಡ್ಜೂ ನೀವೇನಾ?” ಚಿಕ್ಕಮ್ಮ ಸೆರಗು ಬಿಗಿದರು.

“ಬೇರೆ ಜಡ್ಜ್ ಇದ್ರೆ ಕರ್ಕೊಂಡ್ ಬಾ.”

“ಯಾಕೆ ಕರೀಬೇಕು? ತೀರ್ಪು ಕೊಟ್ರಲ್ಲ, ಚುಮ್ಮಾ ಅದನ್ನೇ ಕುಡೀರಿ!”

ತೀರ್ಪು ಬಂತು, ಕಾಫಿ ಬರಲಿಲ್ಲ. ಕೋರ್ಟಿನ ಕೈಯಲ್ಲಿ ಪೆನ್ನು ಇರುತ್ತದೆಯೇ ಹೊರತು ಒಲೆ ಇರುವುದಿಲ್ಲ ಎಂಬ ರಾಜ್ಯಶಾಸ್ತ್ರದ ಪಾಠ ನಮಗೆ ಅವತ್ತೇ ಆಯಿತು.

ಸಭೆ ಹೀಗೆ ಭಾನುವಾರ ಭಾನುವಾರ ನಡೆಯುತ್ತಿತ್ತು. ಒಂದು ದಿನ ಅಡುಗೆಮನೆ ಬಾಗಿಲಿನಿಂದ ಒಂದು ದನಿ ಬಂತು.

“ಅಣ್ಣಾ, ನಂಗೆ ವೋಟಿಲ್ವೇನೋ?”

ನಮ್ಮ ಸೋದರತ್ತೆ. ಚಿಕ್ಕಪ್ಪನ ತಂಗಿ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಂದಿನಿಂದ ಒಲೆಯ ಮುಂದೆಯೇ. ನಾವೆಲ್ಲ ಉಂಡು ಪ್ರಜಾಪ್ರಭುತ್ವ ನಡೆಸುತ್ತಿದ್ದದ್ದು ಅವರು ಬೇಯಿಸಿದ ಅನ್ನದಿಂದ. ಸಂವಿಧಾನ ಬರೆದ ಮಹಾನುಭಾವರಿಗೆ ಅವರ ಹೆಸರೇ ನೆನಪಾಗಿರಲಿಲ್ಲ!

ತಾತ ಗಹಗಹಿಸಿ ನಕ್ಕರು. “ಅಲ್ಲೂ ಹಾಗೇ ತಾನೆ? ಕರಿಯರನ್ನ ವೋಟು ಹಾಕೋಕೆ ಬಿಡೋಲ್ವಂತೆ, ಪೇಪರಲ್ಲಿ ಬಂದಿದೆ. ನೀನು ಅಮೆರಿಕಾನ ಶರಿಯಾಗೇ ಇಳಿಸಿದೀಯ.”

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಆಮೇಲೆ ಮೆಲ್ಲಗೆ “ತಿದ್ದುಪಡಿ” ಎಂದರು. ಅತ್ತೆ ಸಭೆಗೆ ಸೇರಿದರು.

ಸೇರಿದವರು ಸುಮ್ಮನಿದ್ದರೆ? ಮುಂದಿನ ಭಾನುವಾರವೇ ತಾವೂ ಒಂದು ಮಸೂದೆ ತಂದರು. ತಾವು ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಾಗಿದೆ, ತಾಂಬರದಲ್ಲಿ ಟೀಚರ್ ಟ್ರೈನಿಂಗ್ ಇದೆ, ತಮ್ಮನ್ನು ಕಳಿಸಬೇಕು. ಅಮ್ಮ, ಚಿಕ್ಕಮ್ಮ, ಅತ್ತೆ ಕೈ ಎತ್ತಿದರು. ತಾತನ ಮುಖ ನೋಡಿದ ಅಪ್ಪನ ಕೈ ಮಡಿಲಲ್ಲೇ ಉಳಿಯಿತು. ಅಜ್ಜಿಯದೂ ಅಷ್ಟೇ. ಆದರೂ ಐವರಲ್ಲಿ ಮೂವರು, ಮಸೂದೆ ಪಾಸು.

“ವೀಟೋ” ಎಂದರು ತಾತ. ಈ ಸಲ ಎರಡೂ ಕಣ್ಣು ತೆರೆದಿದ್ದವು. “ವಿಧವೆ ಮಗಳನ್ನ ರೈಲು ಹತ್ತಿಸಿ ಊರವರ ಬಾಯಿಗೆ ಬೀಳೋಕೆ ನಾನು ತಯಾರಿಲ್ಲ. ಆಟ ಸಾಕು.”

“ಮೂರರಲ್ಲಿ ಎರಡು ಪಾಲು ಒಪ್ಪಿದ್ರೆ ವೀಟೋ ನಿಲ್ಲೋಲ್ಲ ಅಪ್ಪಾ” ಎಂದರು ಚಿಕ್ಕಪ್ಪ. “ಐವರಲ್ಲಿ ನಾಲ್ವರು ಸಾಕು. ಮುಂದಿನ ಭಾನುವಾರ ಮತ್ತೆ ವೋಟು.”

“ನನ್ನ ಮಾತು ಮೀರಿದ್ರೆ ನಿಂಗೆ ಈ ಮನೇಲಿ ಜಾಗ ಇಲ್ಲ!”

ಆ ವಾರ ಚಿಕ್ಕಮ್ಮ ಬೈದುಕೊಳ್ಳುತ್ತಲೇ ಟ್ರಂಕಿಗೆ ಬಟ್ಟೆ ತುಂಬಿದರು. “ಊರಿಗೆಲ್ಲ ಇವರೇ ಜಡ್ಜು! ನಾಳೆ ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋ ಮುಂದೆ ಎಕ್ಸ್‌ಟ್ರಾಗಳ ಜೊತೆ ಲೈನಲ್ಲಿ ನಿಲ್ಲೋದೇ ಗತಿ.” ಕೋರ್ಟು ಮಾತ್ರ ಪ್ರಚಾರಕ್ಕಿಳಿದಿತ್ತು. ಅಪ್ಪನ ಹಿಂದೆ ಬಸ್ ಸ್ಟಾಪಿನವರೆಗೂ ಹೋಯಿತು. ಅಪ್ಪ ಓಡುವ ಬಸ್ಸು ಹಾರಿ ಹತ್ತಿಕೊಂಡು ಪಾರಾದರು. ಅಜ್ಜಿಯ ಪಕ್ಕ ಕೂತು ಹೂಬತ್ತಿ ಹೊಸೆಯಿತು. ಅಜ್ಜಿ ಬತ್ತಿ ಎಣಿಸಿಕೊಂಡು ಎದ್ದು ಹೋದರು.

ಭಾನುವಾರ ಬಂತು. ಮೂರು ಕೈ ಎದ್ದವು. ಅಪ್ಪ ಸೂರು ನೋಡುತ್ತಿದ್ದರು. ಅಜ್ಜಿ ತಾತನ ಕಡೆ ತಿರುಗಲಿಲ್ಲ.

“ಇವಳು ಹೊಗೇಲಿ ಕಣ್ಣೊರೆಸಿಕೊಳ್ಳೋದನ್ನ ಇಷ್ಟು ವರ್ಷ ನೋಡಿದೀನಿ” ಎಂದರು. “ಹೊಗೆಗೋ, ಅಳುವಿಗೋ ಅಂತ ಒಂದು ದಿನಾನೂ ಕೇಳಲಿಲ್ಲ. ನನ್ನ ಕೈಯೂ ಸೇರಿಸ್ಕೊಳ್ಳೋ.”

ತಾತ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ರಾತ್ರಿ ಊಟಕ್ಕೂ ಬರಲಿಲ್ಲ.

ಟ್ರೈನಿಂಗ್ ಸ್ಕೂಲಿಗೆ ಸೇರಬೇಕಾದ ದಿನ ಚಿಕ್ಕಪ್ಪ ಆಫೀಸಿಗೆ ರಜೆ ಹಾಕಿ, ತಂಗಿಯನ್ನು ಕರೆದೊಯ್ಯಲು ಸಿದ್ಧರಾಗಿ ನಿಂತಿದ್ದರು. ಅಷ್ಟರಲ್ಲಿ ತಾತ ಕೋಟು ಹಾಕಿ, ಕೊಡೆ ಹಿಡಿದು ಹೊರಬಂದರು.

“ನೀನೆಲ್ಲೋ ಹೊರಟೆ? ವೀಟೋ ಬಿದ್ದೋಯ್ತು, ಕಾನೂನು ಆಯ್ತು. ಇನ್ನು ಜಾರಿ ಮಾಡೋದು ಯಾರ ಕೆಲಸ? ನಂದು ತಾನೆ?” ಎಂದವರು ಮಗಳ ಕಡೆ ನೋಡದೆಯೇ, “ನಡಿಯಮ್ಮ, ರೈಲಿಗೆ ಹೊತ್ತಾಯ್ತು” ಎಂದರು.

ಅವರಿಬ್ಬರೂ ಬೀದಿಗಿಳಿದ ಮೇಲೆ ಚಿಕ್ಕಪ್ಪನಿಗೆ ಅದೇನು ಹೊಳೆಯಿತೋ, ಓಡಿದರು. ಪಕ್ಕದ ದೇವಸ್ಥಾನ ಬಿಟ್ಟು ಎಲ್ಲಿಗೂ ಹೋಗದ ಅತ್ತೆಗೆ ಚಪ್ಪಲಿಯೇ ಇರಲಿಲ್ಲ. ಬೀದಿಯ ಮಧ್ಯದಲ್ಲಿ ಚಿಕ್ಕಪ್ಪ ತಮ್ಮ ಚಪ್ಪಲಿ ಬಿಚ್ಚಿ, ಬಗ್ಗಿ, ತಂಗಿಯ ಕಾಲ ಮುಂದಿಟ್ಟರು.

“ಹಾಕ್ಕೊಳ್ಳೇ. ಟಾರು ಸುಡತ್ತೆ.”

ದೋಣಿಯಂಥ ಆ ಚಪ್ಪಲಿಗಳನ್ನು ಟಪ್ ಟಪ್ ಎಂದು ಎಳೆಯುತ್ತಾ ಅತ್ತೆ ತಾತನ ಕೊಡೆಯ ನೆರಳಿನಲ್ಲಿ ಸ್ಟೇಷನ್ನಿನ ಕಡೆ ನಡೆದರು. ಚಿಕ್ಕಪ್ಪ ಬಿಸಿಲಿನಲ್ಲಿ ಒಂದು ಕಾಲೆತ್ತಿ ಒಂದು ಕಾಲಿಡುತ್ತಾ, ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದರು.