ಎರಡೂ ಕಡೆ ಬಿಳಿ

ಹನ್ನೊಂದು ಗಂಟೆಗೆ ತಟ್ಟೆ ಬೆಳ್ಳಗೇ ಇತ್ತು. ರಾಮಾಯಣ ಶುರುವಾದದ್ದು ಅಲ್ಲಿಂದ.

ತಟ್ಟೆ ಗಡಿಬಿಡಿಯದು. ಸಂಶೋಧನೆ ಮಾಡುವ ಹುಡುಗನಿಗೆ ಲ್ಯಾಬಿನವರು ಇಟ್ಟ ಹೆಸರು ಅದು. ಕೂತಲ್ಲಿ ಕೂರದ ಪ್ರಾಣಿ. ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ಕತ್ತರಿಸುವ ಎಂಜೈಮುಗಳಿರುತ್ತವೆ. ಅವು ಬೇಕು, ಆದರೆ ಹದ್ದು ಮೀರಿದರೆ ಇದ್ದ ಮನೆಯನ್ನೇ ತಿಂದು ಮುಗಿಸುತ್ತವೆ. ಅವಕ್ಕೆ ಮೂಗುದಾರ ಹಾಕಲು ಬೇರೆ ಪ್ರೋಟೀನುಗಳಿವೆ. ಅಂಥದ್ದೊಂದನ್ನು ಮೂರು ವರ್ಷ ಒದ್ದಾಡಿ, ಮೂಟೆಗಟ್ಟಲೆ ಕಾಳು ಅರೆದು, ಗಡಿಬಿಡಿ ಒಂದು ಸಣ್ಣ ಟ್ಯೂಬಿನಲ್ಲಿ ಹಿಡಿದಿಟ್ಟಿದ್ದ. ಅದು ಕೆಲಸ ಮಾಡುತ್ತದೆಂದು ನಾಲ್ಕು ಗಂಟೆಗೆ ಲ್ಯಾಬಿನ ಮುಖ್ಯಸ್ಥೆ ಮೇಡಂಗೆ ತೋರಿಸಬೇಕು. ಇಲ್ಲದಿದ್ದರೆ ನಾಳೆಯಿಂದ ನೌಕರಿ ಇಲ್ಲ.

ತಟ್ಟೆಯಲ್ಲಿ ಹಾಲು ಬೆರೆಸಿ ಹೆಪ್ಪುಗಟ್ಟಿಸಿದ ಬಿಳಿ ಪದರ, ಅದರಲ್ಲಿ ಎರಡು ಗುಳಿ. ಒಂದರಲ್ಲಿ ಬರೀ ಎಂಜೈಮು. ಅದು ಹಾಲನ್ನು ತಿಂದು ಸುತ್ತಲೂ ತಿಳಿಯಾಗಬೇಕು. ಇನ್ನೊಂದರಲ್ಲಿ ಎಂಜೈಮಿನ ಜೊತೆ ಗಡಿಬಿಡಿಯ ಪ್ರೋಟೀನು. ಅಲ್ಲಿ ಬಿಳಿ ಉಳಿಯಬೇಕು. ಈಗ ಎರಡೂ ಕಡೆ ಬಿಳಿ! ಮಲಗಿದವನನ್ನು ಓಡದಂತೆ ತಡೆದೆ ಎಂದರೆ ಯಾರು ನಂಬುತ್ತಾರೆ?

“ಎಂಜೈಮು ಹಳೇದು ಕಣೋ, ಹೊಸದು ತಾ,” ಎಂದಳು ಪಕ್ಕದ ಮೇಜಿನ ಅಕ್ಕ.

ಗಡಿಬಿಡಿ ಮೇಲಿನ ಮಹಡಿಗೆ ಓಡಿ, ಕೈಕಾಲು ಹಿಡಿದು ಹೊಸ ಬಾಟಲಿ ತಂದು ಐಸಿನಲ್ಲಿಟ್ಟ. ಹೊಸ ತಟ್ಟೆ ತರಲು ಮತ್ತೆ ಓಡಿದ. ಬಂದವನೇ ಟ್ಯೂಬಿನಲ್ಲಿ ಎಷ್ಟಿದೆ ಎಂದೂ ನೋಡದೆ ಗುಳಿ ತುಂಬಿಸಿ ತಟ್ಟೆಯನ್ನು ಬಿಸಿ ಪೆಟ್ಟಿಗೆಗೆ ತಳ್ಳಿದ. ಆಮೇಲೆ ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಇಣುಕಿದ.

“ಹೀಗೆ ತೆಗೀತಿದ್ರೆ ಬಿಸಿ ಎಲ್ಲಿ ನಿಲ್ಲುತ್ತಪ್ಪಾ!” ಎಂದು ಯಂತ್ರ ನೋಡಿಕೊಳ್ಳುವ ಅಣ್ಣ ಗದರಿ ಪೆಟ್ಟಿಗೆಗೆ ಬೆನ್ನುಕೊಟ್ಟು ನಿಂತ.

ನಾಲ್ಕಕ್ಕೆ ಮೇಡಂ ಬಂದರು. ಎರಡೂ ಕಡೆ ಬಿಳಿ.

“ಈ ಎಂಜೈಮಿಗೆ ಯಾರಾದ್ರೂ ಏನಾದ್ರೂ ಬೆರೆಸಿದ್ರಾ?”

ಅಕ್ಕ ತಲೆ ಕೆರೆದುಕೊಂಡಳು. “ಸುಮ್ನಿಟ್ರೆ ಎಂಜೈಮು ತನ್ನನ್ನೇ ತಾನು ಕತ್ತರಿಸ್ಕೊಳ್ಳುತ್ತಲ್ಲ ಮೇಡಂ... ಹಾಳಾಗ್ದೆ ಇರ್ಲಿ ಅಂತ ತಡೆಯೋ ಪ್ರೋಟೀನು ಹಾಕ್ದೆ. ಬೆಳಿಗ್ಗೆ ಒಂದು ಹನಿ. ಹೊಸ ಬಾಟ್ಲಿಗೂ ಸ್ವಲ್ಪ.”

“ಯಾವ ಪ್ರೋಟೀನು?”

“ಇವನದ್ದೇ. ಟ್ಯೂಬು ಕೈಗೆ ಸಿಕ್ತು.”

ಗಡಿಬಿಡಿ ಒಂದು ಅಡಿ ಮೇಲಕ್ಕೆ ಹಾರಿದ. “ಹಾಗಾದ್ರೆ ನನ್ನ ಪ್ರೋಟೀನು ಕೆಲ್ಸ ಮಾಡ್ತು ಮೇಡಂ! ಎರಡೂ ಬಾಟ್ಲಿ ಎಂಜೈಮನ್ನ ಅದೇ ಕಟ್ಟಿಹಾಕಿದೆ!”

ಮೇಡಂ ಮೊದಲ ಬಾರಿಗೆ ನಕ್ಕರು. “ಇರಬಹುದು. ನನ್ನ ರೂಮಲ್ಲಿ ಸೀಲು ಒಡೆಯದ ಎಂಜೈಮಿದೆ. ಈಗ್ಲೇ ಸರಿಯಾಗಿ ಮಾಡಿ ತೋರ್ಸು, ನಿನ್ನ ನೌಕರಿ ಕಾಗದಕ್ಕೆ ಸಹಿ ಹಾಕ್ತೀನಿ.”

ಗಡಿಬಿಡಿ ಟ್ಯೂಬು ಎತ್ತಿ ಬೆಳಕಿಗೆ ಹಿಡಿದ. ತಲೆಕೆಳಗು ಮಾಡಿ ತಟ್ಟಿದ. ಒಂದು ಹನಿಯೂ ಬೀಳಲಿಲ್ಲ.

ಅಕ್ಕ ಮೆಲ್ಲಗೆ ಹೇಳಿದಳು: “ಹೊಸ ಬಾಟ್ಲಿ ದೊಡ್ಡದಿತ್ತು ಕಣೋ. ಸಾಲ್ದೆ ಹೋದೀತು ಅಂತ, ನಿನ್ನ ಆ ತಟ್ಟೆಗೆ ಆಗೋ ಒಂದು ತೊಟ್ಟು ಬಿಟ್ಟು ಉಳಿದದ್ದೆಲ್ಲಾ ಸುರಿದ್ಬಿಟ್ಟೆ.”