ಎರಡು ಗಾಜಿನ ನಡುವೆ ನಾನು

ಊರು ಮುಂದುವರಿದಂತೆಲ್ಲ ಮನುಷ್ಯನಿಗೆ ತನ್ನ ಗೋಡೆಗಳ ಬಗ್ಗೆ ನಾಚಿಕೆ ಹುಟ್ಟುತ್ತದೆ. ನನಗೂ ಹುಟ್ಟಿತು. ಸೇಡಂ ಬಜಾರಿನಲ್ಲಿರುವ ನಮ್ಮ ಸೀರೆ ಅಂಗಡಿ ಅಜ್ಜನ ಕಾಲದ ಶಹಾಬಾದ್ ಕಲ್ಲಿನ ಕಟ್ಟಡ. ಬೇಸಿಗೆಯಲ್ಲಿ ಸೀರೆ ಬೇಡದವರೂ ಒಳಗೆ ಬಂದು ಕೂಡುವಷ್ಟು ತಂಪು. ಕಲಬುರಗಿಯ ಅಂಗಡಿಗಳಂತೆ ಕಾಣಲೆಂದು ಮಹಡಿಯ ಮುಂಗೋಡೆ ಒಡೆಸಿ ಉದ್ದಕ್ಕೂ ಗಾಜು ಹಾಕಿಸಿದೆ. ಬಿಸಿಲು ಬೆಳಿಗ್ಗೆಯೇ ಬಂದು ಕೂತಿತು. ಏಳಲಿಲ್ಲ, ಏನನ್ನೂ ಕೊಳ್ಳಲಿಲ್ಲ. ಎಸಿ ಹಗಲೆಲ್ಲ ಓಡಿದರೂ ಗಿರಾಕಿಗಳು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕರೆಂಟ್ ಬಿಲ್ಲು ಬಂದ ದಿನ ಹೆಂಡತಿ ಶಾಂತಾ ಅದನ್ನು ನನ್ನ ಊಟದ ತಟ್ಟೆಯ ಪಕ್ಕಕ್ಕೇ ಇಡುತ್ತಿದ್ದಳು.

ನನ್ನ ತಂಗಿಯ ಗಂಡ ಎಂಜಿನಿಯರ್. ಬಂದು ನೋಡಿದವನೇ ಮತ್ತೆ ಗೋಡೆ ಕಟ್ಟಿಸಿ ಎಂದ. ನನ್ನ ಮುಖ ನೋಡಿ ಕನಿಕರಪಟ್ಟು ಇನ್ನೊಂದು ದಾರಿ ತೋರಿಸಿದ. ಒಬ್ಬ ಮನುಷ್ಯ ಹೋಗುವಷ್ಟು ಜಾಗ ಬಿಟ್ಟು ಹೊರಗೆ ಇನ್ನೊಂದು ಗಾಜು, ಕೆಳಗೂ ಮೇಲೂ ಗಾಳಿಕಿಂಡಿ, ಒಳಹೋಗಿ ಒರೆಸಲು ಅಂಗಡಿಯಿಂದ ಒಂದು ಸಣ್ಣ ಬಾಗಿಲು. ಹೊರಗಿನ ಕಾವು ನಡುವಿನ ಓಣಿಯಲ್ಲೇ ಏರಿ ಮೇಲಿಂದ ಹೊರಟುಹೋಗುತ್ತದಂತೆ. ಹಾಗೇ ಮಾಡಿಸಿದೆ. ನಿಜಕ್ಕೂ ಹೋಯಿತು. ಅಂಗಡಿ ತಣ್ಣಗಾಯಿತು, ಬಿಲ್ಲು ಇಳಿಯಿತು. ಸೀರೆಯ ಬಣ್ಣ ಕೇಳಿದವರಿಗೂ ನಾನು ಗಾಳಿಯ ಚಲನೆಯನ್ನೇ ವಿವರಿಸತೊಡಗಿದೆ.

ಆದರೆ ಮಳಖೇಡ ರಸ್ತೆಯ ಧೂಳಿಗೂ ಆ ಓಣಿ ಹಿಡಿಸಿತು. ಒರೆಸಲು ಯಾರನ್ನಾದರೂ ಕರೆಸಿ ಎಂದು ಶಾಂತಾ ಹೇಳಿದರೂ ಕೇಳದೆ, ಹೊಟ್ಟೆ ಒಳಗೆಳೆದುಕೊಂಡು ನಾನೇ ಹೊಕ್ಕೆ. ಮೇಲೇರುವ ಗಾಳಿ ನನ್ನ ಹಿಂದಿದ್ದ ಬಾಗಿಲನ್ನೂ ಎಳೆದುಕೊಂಡಿತು. ಅಂಗಡಿಯ ಕಡೆಗಿದ್ದ ಚಿಲಕ ತಾನಾಗಿ ಬಿತ್ತು. ಒಳಗಿನಿಂದ ತೆಗೆಯಲು ಏನೂ ಇರಲಿಲ್ಲ.

ಕಾಲಿಗೆ ಗಾಳಿ, ತಲೆಗೆ ಕಾವು. ಕೂಗಿದೆ, ನನ್ನ ದನಿ ನನಗೇ ಕೇಳಿಸಿತು. ಕೆಳಗೆ ಬಜಾರಿನಲ್ಲಿ ಪರಿಚಯದವರೊಬ್ಬರು ತಲೆಯೆತ್ತಿ ನೋಡಿದರು. ಕೈಬೀಸಿ ಕರೆದೆ. ಅವರೂ ಸಂತೋಷದಿಂದ ಕೈಬೀಸಿ ಮುಂದೆ ಹೋದರು.

ಒಳಗೆ ಶಾಂತಾ ಸುಲೇಪೇಟದಿಂದ ಮದುವೆ ಬಟ್ಟೆಗೆ ಬಂದ ಮಂದಿಗೆ ಸೀರೆ ತೋರಿಸುತ್ತಿದ್ದಳು. ಗಾಜು ಬಡಿದು, ಚಿಲಕ ತೆಗೆ ಎಂದು ಕೈ ತಿರುಗಿಸಿ ತೋರಿಸಿದೆ. ಆಕೆ ತಲೆಯಾಡಿಸಿ ಮೇಲಿನ ಅರೆಯಿಂದ ರೇಷ್ಮೆ ಸೀರೆಗಳ ಗಂಟು ತೆಗೆದಳು. ಇನ್ನೂ ಜೋರಾಗಿ ತೋರಿಸಿದೆ. ಇನ್ನೊಂದು ಗಂಟು ಬಿಚ್ಚಿದಳು. ನಾನು ಹಣೆ ಹಣೆ ಬಡಿದುಕೊಂಡಂತೆಲ್ಲ ಒಳಗೆ ಸೀರೆಗಳು ಹರವಿಕೊಳ್ಳುತ್ತಲೇ ಹೋದವು.

ಕೊನೆಗೆ ಆ ಮಂದಿಯಲ್ಲಿದ್ದ ಒಬ್ಬ ಮುದುಕಿ ನನ್ನನ್ನು ಬಹಳ ಹೊತ್ತು ದಿಟ್ಟಿಸಿದಳು. ಆಕೆ ಕೇಳಿದ್ದನ್ನು ಶಾಂತಾ ಆಮೇಲೆ ಎಲ್ಲರಿಗೂ ಹೇಳಿದ್ದಾಳೆ: “ಯವ್ವಾ, ನಿಮ್ಮ ಮನಿಯವರು ಗಾಜಿನ್ಯಾಗ ಯಾಕ ಕುದಿಲಿಕತ್ತಾರ?”

ಬಾಗಿಲು ತೆರೆಯಿತು. ನೀರು ಕುಡಿದು, ಇಷ್ಟು ಹೊತ್ತು ಕಾಣಿಸಲಿಲ್ಲವೇ ಎಂದು ಸಿಟ್ಟಿನಿಂದ ಕೇಳಿದೆ.

“ಕಾಣ್ತಿದ್ರಿ. ರೇಷ್ಮಿ ತೆಗಿ ಅಂತ ಹೇಳ್ಲಿಕತ್ತೀರಿ ಅಂದ್ಕೊಂಡೆ. ಭಾಳ ಛಲೋ ಆತು ಬಿಡ್ರಿ, ಎಲ್ಲಾ ತೊಗೊಂಡ್ರು.”

ಮರುದಿನವೇ ಬಾಗಿಲಿಗೆ ಒಳಗಿನಿಂದಲೂ ತೆಗೆಯುವ ಚಿಲಕ ಹಾಕಿಸಿದೆ. ಈಗ ಹೆದರಿಕೆಯಿಲ್ಲ. ಮದುವೆ ಬಟ್ಟೆಗೆ ಜನ ಮೆಟ್ಟಿಲು ಹತ್ತುವ ಸಪ್ಪಳವಾದರೆ ಸಾಕು, ಶಾಂತಾ ಮುಗುಳ್ನಗುತ್ತ ಒರೆಸುವ ಬಟ್ಟೆ ನನ್ನ ಕೈಗೆ ಕೊಡುತ್ತಾಳೆ. ನಿನ್ನೆಯಷ್ಟೇ ಒರೆಸಿದ್ದೇನೆ ಎಂದರೆ, ಧೂಳು ಬಿದ್ದಿರುತ್ತದೆ ಹೋಗಿ ಎನ್ನುತ್ತಾಳೆ. ನಾನೂ ಹೋಗುತ್ತೇನೆ. ನನ್ನ ಮಾತು ಕೇಳಿಸದಿದ್ದಾಗ ವ್ಯಾಪಾರ ಚೆನ್ನಾಗಿ ಆಗುತ್ತದೆಂಬುದನ್ನು ಅಲ್ಲಿ ನಿಂತೇ ನೋಡುತ್ತಿದ್ದೇನೆ.