ಗಂಜಿಯಲ್ಲ, ಕಾಂಜಿ!

ಸರ್ಕಾರಿ ಕಚೇರಿಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಸಮೋಸಾ ತಿಂದ ಹೊಟ್ಟೆ ನನ್ನದು. ಇದಕ್ಕೆ ಜೀರ್ಣವಾಗದ್ದು ಜಗತ್ತಿನಲ್ಲೇ ಇಲ್ಲವೆಂದು ಹೇಳಿಕೊಂಡು ತಿರುಗುತ್ತಿದ್ದೆ.

ಹೋಳಿ ಹಬ್ಬದ ಹಿಂದಿನ ವಾರ ಒಂದು ದಿನ, ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಎದುರುಮನೆಯ ಪಂಜಾಬಿ ಆಂಟಿ ಜಗ್ ಹಿಡಿದು ಬಂದರು. "ಭಾಯಿಸಾಬ್, ಕಾಂಜಿ!"

ಜೀರ್ಣಕ್ಕೆ ಬಹಳ ಒಳ್ಳೆಯದಂತೆ. ನಾನು ಗಂಜಿ ಎಂದುಕೊಂಡೆ. ನೋಡಿದರೆ, ತರಕಾರಿ ಹೋಳುಗಳನ್ನು ಸಾಸಿವೆಪುಡಿಯ ನೀರಿನಲ್ಲಿ ಹುಳಿ ಬರಿಸಿದ ಕಡುಗೆಂಪು ಪಾನೀಯ.

"ಒಂದು ಲೋಟ ಸಾಕು ರೀ," ಎಂದಳು ಹೆಂಡತಿ ಸುಮಿತ್ರಾ.

ನಾಲ್ಕು ಲೋಟ ಕುಡಿದೆ. ತಳದ ಹೋಳುಗಳನ್ನೂ ಬಿಡಲಿಲ್ಲ!

ಮರುದಿನ ಬೆಳಿಗ್ಗೆ ಟಾಯ್ಲೆಟ್ಟಿನಿಂದ ಹೊರಗೆ ಓಡಿಬಂದೆ.

"ಸುಮಿತ್ರಾ, ರಕ್ತ!"

"ಶೇವ್ ಮಾಡುವಾಗ ಕುಯ್ದುಕೊಂಡ್ರಾ?"

"ಅಲ್ಲ ಕಣೇ, ಒಳಗಿನದು!"

ಏಳನೇ ಕ್ಲಾಸಿನ ಮಗಳು ತಲೆ ಎತ್ತಿದಳು. "ಪಪ್ಪಾ, ಕಲ್ ಆಪ್‌ನೇ ವೋ—" ಎಂದು ನಿನ್ನೆಯದೇನೋ ಹೇಳಹೊರಟಳು.

"ಸುಮ್ನಿರು!" ಎಂದು ಗದರಿ, ಅವಳ ವಿಜ್ಞಾನದ ಪುಸ್ತಕ ಕಿತ್ತುಕೊಂಡೆ. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು. ಚಿತ್ರದಲ್ಲಿ ಬೆರಳಿಟ್ಟಲ್ಲೆಲ್ಲ ನನ್ನ ಹೊಟ್ಟೆಯಲ್ಲಿ ನೋವು ಶುರುವಾಯಿತು! ಸಣ್ಣ ಕರುಳೊಂದೇ ಇಪ್ಪತ್ತು ಅಡಿ ಉದ್ದವಂತೆ. ಅಷ್ಟುದ್ದದಲ್ಲಿ ತೂತು ಎಲ್ಲಿದೆಯೆಂದು ಹುಡುಕುವುದು?

"ನಿನ್ನ ತಮ್ಮನನ್ನು ಕ್ಷಮಿಸಿದ್ದೇನೆ," ಎಂದೆ, ಪುಸ್ತಕ ಮುಚ್ಚಿಟ್ಟು.

"ಅವನೇನು ಮಾಡಿದ್ದ?" ಎಂದಳು. ಆದರೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಹೊಸ ಮೊಬೈಲಿನಿಂದ ಸಹೋದ್ಯೋಗಿ ಶರ್ಮಾಗೆ ಫೋನ್ ಮಾಡಿ, "ಇನ್ನು ಕಚೇರಿಯಲ್ಲಿ ಭೇಟಿಯಾಗುವುದು ಅನುಮಾನ," ಎಂದು ಹಿಂದಿಯಲ್ಲಿ ತಿಳಿಸಿದೆ. ಆಟೋದವನಿಗೆ, "ಭಯ್ಯಾ, ಧೀರೇ ಚಲೋ," ಎಂದು ದಾರಿಯುದ್ದಕ್ಕೂ ನಿಧಾನ ಹೋಗಲು ಬೇಡಿಕೊಂಡೆ. ಕರುಳು ಕಳಚಿ ಬಿದ್ದರೆ!

ದವಾಖಾನೆಯ ಡಾಕ್ಟರಮ್ಮ ನಾಡಿ ಹಿಡಿದರು, ಹೊಟ್ಟೆ ಒತ್ತಿದರು. "ನಿನ್ನೆ ಏನು ತಿಂದಿರಿ?"

"ಅನ್ನ, ಸಾರು..."

"ಕಾಂಜಿ," ಎಂದಳು ಸುಮಿತ್ರಾ. "ಚಾರ್ ಗಿಲಾಸ್."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬೀಟ್‌ರೂಟ್ ಇತ್ತಾ?"

ಇತ್ತು. ಹೋಳು ಹೋಳಾಗಿ ಇತ್ತು.

"ಅಚ್ಛಾ! ಅನ್ನದ ಸತ್ವವನ್ನೆಲ್ಲ ನಿಮ್ಮ ಸಣ್ಣ ಕರುಳು ಹೀರಿ ರಕ್ತಕ್ಕೆ ಸೇರಿಸಿದೆ. ಬೀಟ್‌ರೂಟಿನ ಬಣ್ಣ ಮಾತ್ರ ಕೆಲವರ ಹೊಟ್ಟೆಯಲ್ಲಿ ಪೂರ್ತಿ ಕರಗುವುದಿಲ್ಲ, ಬಂದ ಹಾಗೇ ಹೊರಟುಹೋಗುತ್ತದೆ. ಕಾಂಜಿ ನಿಲ್ಲಿಸಿ. ಎರಡು ದಿನದ ಮೇಲೂ ಕೆಂಪಿದ್ದರೆ ಬನ್ನಿ."

ರಕ್ತವಲ್ಲ, ಬರೀ ಬಣ್ಣ! ಆ ಮಹಾತಾಯಿಯ ಕಾಲಿಗೆ ಬೀಳಲು ಬಗ್ಗಿದೆ. ಸುಮಿತ್ರಾ ಕಾಲರ್ ಹಿಡಿದು ಎತ್ತಿದಳು. ಹೊರಗಿನ ಬೆಂಚಿನ ಮೇಲೆ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುನಗುತ್ತಲೇ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೈಯೆಲ್ಲ ಹತ್ತಿಯಂತೆ ಹಗುರಾಗಿತ್ತು.

ಮನೆಗೆ ಬಂದರೆ ಮೆಟ್ಟಿಲ ಬಳಿ ಶರ್ಮಾ ಮತ್ತಿಬ್ಬರನ್ನು ಕಟ್ಟಿಕೊಂಡು, ಒಂದು ಡಜನ್ ಬಾಳೆಹಣ್ಣಿನೊಂದಿಗೆ, ಸಪ್ಪೆ ಮುಖ ಮಾಡಿ ನಿಂತಿದ್ದರು. ವಿಷಯವನ್ನೆಲ್ಲ ಒಪ್ಪಿಕೊಂಡೆ. ಮೂವರೂ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

ನಾಚಿಕೆಯಾಗಿ, "ಈ ಹಣ್ಣು ನನಗ್ಯಾಕೆ, ವಾಪಸ್ ಒಯ್ಯಿರಿ," ಎಂದೆ. ಮರ್ಯಾದೆಗಾದರೂ ಇಟ್ಟುಕೊಳ್ಳಿ ಎನ್ನುತ್ತಾರೆಂದು ನಂಬಿದ್ದೆ.

ಒಯ್ದರು!